ಗುಜರಿ ಟ್ಯೂಬ್‌ಲೈಟ್ ಬದುಕಿಸಿದ ಯೀಸ್ಟ್

"ಪಿಸಿಆರ್ ಇಲ್ಲ, ಜೆಲ್ ಡಾಕ್ ಇಲ್ಲ, ಡಿಎನ್‌ಎ ರಿಪೇರಿ ಏನಂತ ತೋರಿಸ್ತೀರಿ ಸರ್?" ಅಂತ ನಮ್ಮ ವಿಭಾಗದ ಮೇಡಂ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಡಿಎನ್‌ಎ ನಕಲು ಮಾಡುವ, ಅದರ ಚಿತ್ರ ತೆಗೆಯುವ ಆ ಯಂತ್ರಗಳೂ ಇರಲಿಲ್ಲ. ಬೇಕರಿ ಯೀಸ್ಟಿನ ಒಂದು ಪೊಟ್ಟಣ ಇತ್ತು, ಅಷ್ಟೆ. ಈ ವರ್ಷ ಅದೇ ಮೇಡಂ ತಮ್ಮ ಬ್ಯಾಚಿನ ಮಕ್ಕಳನ್ನು ನನ್ನ ಪ್ಲೇಟು (ಯೀಸ್ಟ್ ಬೆಳೆಸುವ ತಟ್ಟೆ) ನೋಡಲು ಕಳಿಸಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೆಲಸ ಕೇಳಲು ಸುಲಭ. ಯೀಸ್ಟಿಗೆ ಯುವಿ (ಅತಿನೇರಳೆ ಕಿರಣ) ಹೊಡೆಯುವುದು, ಪ್ಲೇಟುಗಳಲ್ಲಿ ಅರ್ಧ ಕತ್ತಲಲ್ಲಿ, ಅರ್ಧ ಬೆಳಕಲ್ಲಿ ಇಡುವುದು. ಯುವಿ ಡಿಎನ್‌ಎಯ ಪಕ್ಕಪಕ್ಕದ ಅಕ್ಷರಗಳನ್ನು ಅಂಟಿಸಿಬಿಡುತ್ತದೆ, ಆ ಅಂಟಿದ ಜೋಡಿಯೇ ಡೈಮರ್. ಫೋಟೋಲಯೇಸ್ ಅನ್ನುವ ಎನ್‌ಜೈಮ್ (ಕೋಶದೊಳಗೆ ಕೆಲಸ ಮಾಡುವ ಪ್ರೋಟೀನು) ಬೆಳಕು ಹಿಡಿದು ಡೈಮರ್ ಬಿಡಿಸಿದರೆ ಬೆಳಕಿನ ಪ್ಲೇಟಿನಲ್ಲಿ ಕಾಲೊನಿ (ಬದುಕಿದ ಒಂದು ಕೋಶ ಬೆಳೆದು ಆಗುವ ಚುಕ್ಕೆ) ಜಾಸ್ತಿ ಬರಬೇಕು. ಪುಸ್ತಕದಲ್ಲಿ ಎರಡು ಸಾಲು. ನನಗೆ ಮೂರು ವರ್ಷ ಹಿಡಿಯಿತು.

ಮೊದಲ ವರ್ಷ ಪೂರ್ತಿ ದಂಡ. ಒಂದು ಬ್ಯಾಚಿನಲ್ಲಿ ಯುವಿ ಹೊಡೆದರೂ ಒಂದೂ ಸಾಯಲಿಲ್ಲ. ನೋಡಿದರೆ ಹುಡುಗ ಗಾಜಿನ ಮುಚ್ಚಳ ತೆಗೆದೇ ಇರಲಿಲ್ಲ. 254 ನ್ಯಾನೋಮೀಟರಿನ ಯುವಿ ಗಾಜು ದಾಟುವುದಿಲ್ಲ ಅಂತ ಪಾಠ ಮಾಡಿದವನು ನಾನೇ. ಇನ್ನೊಂದು ಸಲ ಸಸ್ಪೆನ್ಷನ್ (ಯೀಸ್ಟ್ ಕದಡಿದ ನೀರು) ಗಟ್ಟಿಯಾಗಿ ಕೋಶಗಳು ಒಂದರ ಹಿಂದೆ ಒಂದು ಅವಿತುಕೊಂಡವು. ಲ್ಯಾಮಿನಾರಿನ (ಸೋಸಿದ ಗಾಳಿಯ ಕೆಲಸದ ಪೆಟ್ಟಿಗೆ) ಹಳೆ ಯುವಿ ಟ್ಯೂಬಂತೂ ನೀಲಿಯಾಗಿ ಚೆನ್ನಾಗಿಯೇ ಉರಿಯುತ್ತಿತ್ತು, ಆದರೆ ಅದರಲ್ಲಿ ಜೀವ ಇರಲಿಲ್ಲ. ಹೊಸ 15 ವ್ಯಾಟಿನದಕ್ಕೆ ಆರೇಳು ನೂರು ಕೊಟ್ಟ ನೆನಪು, ನನ್ನ ಜೇಬಿನಿಂದಲೇ. ಬಿಲ್ಲು ಇಟ್ಟೆ, ಪಾಸಾಗಲಿಲ್ಲ.

ಟ್ಯೂಬ್ ಬದಲಾಯಿಸಿದ ದಿನ ಕನ್ನಡಕ ಹಾಕದೆ ಹತ್ತು ನಿಮಿಷ ಅದರ ಮುಂದೆ ನಿಂತು ದೂರ ಅಳೆದೆ. ಆಗ ಏನೂ ಆಗಲಿಲ್ಲ. ರಾತ್ರಿ ಹನ್ನೊಂದಕ್ಕೆ ಕಣ್ಣಿಗೆ ಮರಳು ಸುರಿದ ಹಾಗೆ. ಹೆಂಡತಿ ಒದ್ದೆ ಬಟ್ಟೆ ಕಟ್ಟಿ ಕೂರಿಸಿದಳು, ಬೆಳಗಿನವರೆಗೆ ನಿದ್ದೆ ಇಲ್ಲ. ನೀವು ಈ ತಪ್ಪು ಮಾಡಬೇಡಿ.

ಇಷ್ಟಾದ ಮೇಲೆ ಕೊಲ್ಲುವುದು ಹಿಡಿತಕ್ಕೆ ಬಂತು. ಆದರೆ ಕತ್ತಲ ಪ್ಲೇಟಿನ ಲೆಕ್ಕ ಕೂರಲೇ ಇಲ್ಲ. ಒಂದು ದಿನ 12 ಕಾಲೊನಿ, ಮರುದಿನ 70. ಯುವಿ ಡೋಸ್ ಅದೇ, ಡೈಲ್ಯೂಷನ್ (ನೀರು ಬೆರೆಸುವ ಅಳತೆ) ಅದೇ. ಬೆಳಗಿನ ಬ್ಯಾಚು ಹೆಚ್ಚು ಸಾಯುತ್ತಿತ್ತು, ಮಧ್ಯಾಹ್ನದ್ದು ಕಮ್ಮಿ. ಮಕ್ಕಳ ಕೈ ಸರಿ ಇಲ್ಲ ಅಂತ ಬೈದೆ, ಪಾಪ. ನಮ್ಮ ಲ್ಯಾಬಿನ ಕಿಟಕಿ ಪಶ್ಚಿಮಕ್ಕಿದೆ. ಯುವಿ ಹೊಡೆದ ಪ್ಲೇಟುಗಳನ್ನು ಹೆಸರು ಬರೆಯಲು ಅದೇ ಕಟ್ಟೆಯ ಮೇಲೆ ಜೋಡಿಸುತ್ತಿದ್ದರು. ಕಾಲು ಗಂಟೆ ಬಿಸಿಲ ಬೆಳಕು ಕುಡಿದು, ಕತ್ತಲಿಗೆ ಹೋಗುವ ಮುಂಚೆಯೇ ಯೀಸ್ಟ್ ರಿಪೇರಿ ಮುಗಿಸಿಕೊಳ್ಳುತ್ತಿತ್ತು!

ಆಮೇಲೆ ಓದಿದಾಗ ಗೊತ್ತಾಯಿತು, ವಿಜ್ಞಾನಿ ಆಲ್ಬರ್ಟ್ ಕೆಲ್ನರ್‌ಗೂ ಹೀಗೇ ಆಗಿತ್ತು. ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದಲ್ಲಿ ಸ್ಟ್ರೆಪ್ಟೊಮೈಸಿಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಗಳಿಗೆ ಯುವಿ ಹೊಡೆದು ಲೆಕ್ಕ ತಾಳೆಯಾಗದೆ ಒದ್ದಾಡಿದ್ದರು. ಅವನ್ನಿಟ್ಟ ಗಾಜಿನ ವಾಟರ್ ಬಾತ್ (ಬೆಚ್ಚನೆ ನೀರಿನ ತೊಟ್ಟಿ) ಕಿಟಕಿ ಪಕ್ಕ ಇತ್ತು, ಬೆಳಕು ಬೀಳುತ್ತಿತ್ತು. ಅವರು 1949ರಲ್ಲಿ ಪೇಪರ್ ಬರೆದರು. ನಾನು ಮಕ್ಕಳ ಕ್ಷಮೆ ಕೇಳಿದೆ.

ಎರಡನೇ ವರ್ಷ ಕಿಟಕಿಗೆ ಕಪ್ಪು ಬಟ್ಟೆ, ಕೆಲಸಕ್ಕೆ ಕೆಂಪು ಜೀರೋ ವ್ಯಾಟ್ ಬಲ್ಬು, ದೇವರ ಮನೆಯಲ್ಲಿ ಹಾಕುವಂಥದ್ದು. ಕೆಂಪು ಬೆಳಕು ಫೋಟೋಲಯೇಸ್‌ಗೆ ಉಪಯೋಗಕ್ಕೆ ಬರುವುದಿಲ್ಲ. ಕತ್ತಲ ಪ್ಲೇಟು ಹತ್ತು ಹನ್ನೆರಡರಲ್ಲಿ ನಿಂತಿತು. ಗೆದ್ದೆ ಅಂದುಕೊಂಡೆ. ಬೆಳಕಿನ ಪ್ಲೇಟು ನೋಡಿದರೆ ಅದೂ ಹದಿನೈದು! ಮೇಡಂ ಏನೂ ಹೇಳಲಿಲ್ಲ. ಸುಮ್ನೆ ನಕ್ಕರು. ಅದು ಇನ್ನೂ ಕಷ್ಟ.

ಆರು ತಿಂಗಳು ಯೀಸ್ಟನ್ನೇ ಬೈದೆ. ಬ್ರಾಂಡ್ ಬದಲಾಯಿಸಿದೆ, ಒಂದೇ ಕಾಲೊನಿಯಿಂದ ಬೆಳೆಸಿದೆ, ಪೆಪ್ಟೋನ್ (ಯೀಸ್ಟಿಗೆ ಹಾಕುವ ಆಹಾರ) ಡಬ್ಬಿಗೆ ಮತ್ತೆ ದುಡ್ಡು ಸುರಿದೆ. ಕೊನೆಗೆ ಒಂದು ಸಂಜೆ ತಲೆ ಎತ್ತಿ ಸೂರು ನೋಡಿದೆ. ಆ ಬೇಸಿಗೆ ರಜೆಯಲ್ಲಿ ಇಡೀ ಕಾಲೇಜಿಗೆ ಎಲ್‌ಇಡಿ ಹಾಕಿಸಿದ್ದರು. ಬಿಳಿ ಎಲ್‌ಇಡಿಯ ನೀಲಿ ಇರುವುದು 450 ನ್ಯಾನೋಮೀಟರಿನ ಆಸುಪಾಸು. ಯೀಸ್ಟಿನ ಎನ್‌ಜೈಮಿಗೆ ರುಚಿ 380ರ ಹತ್ತಿರ. ಹಳೆ ಟ್ಯೂಬ್‌ಲೈಟಿನಲ್ಲಿ ಪಾದರಸದ 365, 405, 436ರ ಗೆರೆಗಳು ಇರುತ್ತವೆ. ಅಂದರೆ ನಮ್ಮ ಹೊಸ ಬೆಳಕಿನಲ್ಲಿ ಯೀಸ್ಟಿಗೆ ಊಟವೇ ಇರಲಿಲ್ಲ.

ಗುಜರಿ ಅಂಗಡಿಗೆ ಹೋದೆ. ಪಟ್ಟಿ, ಚೋಕ್, ಸ್ಟಾರ್ಟರ್, ತುದಿ ಕಪ್ಪಾಗದ ಎರಡು ನಾಲ್ಕಡಿ ಟ್ಯೂಬು, ಎಲ್ಲ ಸೇರಿ 150 ರೂಪಾಯಿ. "ಇದನ್ನ ಯಾರು ತಗೋತಾರೆ ಸಾರ್ ಈಗ?" ಅಂತ ಅವನಿಗೇ ಆಶ್ಚರ್ಯ. ಲ್ಯಾಬಿನ ಅಟೆಂಡರ್ ವೈರಿಂಗ್ ಮಾಡಿಕೊಟ್ಟರು. ಪ್ಲೇಟಿನಿಂದ ಒಂದು ಗೇಣು ಮೇಲೆ, ಒಂದು ಗಂಟೆ. ಎರಡು ದಿನ ಬಿಟ್ಟು ಎಣಿಸಿದರೆ ಯುವಿ ಕಾಣದ ಪ್ಲೇಟು 250ರ ಸುಮಾರು, ಕತ್ತಲು 11, ಬೆಳಕು 100 ದಾಟಿತ್ತು. ಎಣಿಸುವಾಗ ಮಾರ್ಕರ್ ಹಿಡಿದ ಕೈ ನಡುಗಿತು, ಸುಳ್ಳಲ್ಲ.

ಯುವಿ ಲೆಕ್ಕ ಬೇಕಾದವರಿಗೆ: ಯುವಿ ಟ್ಯೂಬ್ ಹೊತ್ತಿಸಿ ಹತ್ತು ನಿಮಿಷ ಬಿಸಿಯಾಗಲಿ, ಒಂದೂವರೆ ಅಡಿ ದೂರ, ಎರಡು ನಿಮಿಷದ ಹತ್ತಿರ. ನಿಮ್ಮ ಟ್ಯೂಬಿಗೆ ನೀವೇ ಕಿಲ್ ಕರ್ವ್ (ಎಷ್ಟು ಹೊತ್ತಿಗೆ ಎಷ್ಟು ಸಾಯುತ್ತವೆ ಅನ್ನುವ ಗೆರೆ) ಹಾಕಿಕೊಳ್ಳಿ. ಸ್ಪ್ರೆಡ್ ಮಾಡುವ ಮುಂಚೆ ಯೀಸ್ಟ್ ಮುದ್ದೆ ಬಿಡಿಸಲು ನಾನೊಂದು ಉಪಾಯ ಮಾಡುತ್ತೇನೆ. ಅದು ನನ್ನ ಫೈನಲ್ ಇಯರ್ ಮಕ್ಕಳಿಗೆ ಮಾತ್ರ.

"ಬೆಳಕಲ್ಲ ಸರ್, ಬಿಸಿ ಇರಬೇಕು" ಅಂದರು ಮೇಡಂ. ಒಳ್ಳೆಯ ಪ್ರಶ್ನೆಯೇ. ಅದೇ ಟ್ಯೂಬಿನ ಕೆಳಗೆ, ಪಕ್ಕದಲ್ಲೇ, ಫಾಯಿಲ್ ಸುತ್ತಿದ ಪ್ಲೇಟು ಇಟ್ಟೆ. ಹತ್ತರಷ್ಟೇ ಬಂತು. ಬೆಳಕನ್ನು ಯುವಿಗೆ ಮುಂಚೆ ಕೊಟ್ಟು ನೋಡಿದೆ, ಪ್ರಯೋಜನ ಇಲ್ಲ. ಗಾಯ ಆದ ಮೇಲೆ ತಾನೇ ಹೊಲಿಗೆ? ಕೆಂಪು ಬಣ್ಣದ ಕಾಗದ ಮುಚ್ಚಿದರೆ ಸತ್ತವು, ನೀಲಿ ಮುಚ್ಚಿದರೆ ಸುಮಾರಾಗಿ ಬದುಕಿದವು. ಮೇಡಂ ಒಪ್ಪಿದರು.

ಮಧ್ಯೆ ಒಂದು ತರಲೆಯನ್ನೂ ಮಾಡಿದೆ. ಕೆಫೀನ್ ಕತ್ತಲ ರಿಪೇರಿಗೆ (ಬೆಳಕಿಲ್ಲದೆಯೂ ಕೋಶ ಮಾಡಿಕೊಳ್ಳುವ ರಿಪೇರಿ) ಅಡ್ಡ ಬರುತ್ತದೆ ಅಂತ ಓದಿದ್ದೆ. ಕೆಫೀನ್ ಕೊಳ್ಳುವ ಬದಲು ಮನೆಯ ಫಿಲ್ಟರ್ ಕಾಫಿ ಡಿಕಾಕ್ಷನ್ ಅನ್ನು ಪ್ಲೇಟಿನ ಮೀಡಿಯಾಕ್ಕೆ (ಯೀಸ್ಟ್ ಬೆಳೆಯುವ ಆಹಾರ) ಸುರಿದೆ. ಪ್ಲೇಟು ಕಂದು, ಕಾಲೊನಿ ಕಾಣುವುದೇ ಕಷ್ಟ, ಚಿಕೋರಿ ಬೇರೆ. ಮೂರ್ಖತನ. ಆದರೆ ಲ್ಯಾಬು ಎರಡು ದಿನ ಘಮ್ ಅಂತಿತ್ತು.

ಇನ್ನೊಂದು ಮಾತ್ರ ಕೈಹಿಡಿಯಿತು. ಯುವಿ ಹೊಡೆದ ಯೀಸ್ಟನ್ನು ತಕ್ಷಣ ಪ್ಲೇಟಿಗೆ ಹಾಕದೆ ಸಲೈನಿನಲ್ಲಿ, ಪೂರ್ತಿ ಕತ್ತಲಲ್ಲಿ, ಎರಡು ದಿನ ಉಪವಾಸ ಇಟ್ಟೆ. ಬದುಕಿದ್ದು ಎರಡರಷ್ಟಾದರೂ ಇತ್ತು. ಬೆಳಕಿಲ್ಲದೆ ಕತ್ತರಿಸಿ ತೆಗೆದು ಹೊಸ ತುಂಡು ಕೂಡಿಸುವ ರಿಪೇರಿ ಅದು, ಹೊಟ್ಟೆಗೆ ಇಲ್ಲದೆ ಇಬ್ಭಾಗವಾಗಲು ಆಗದಿದ್ದಾಗ ಅದಕ್ಕೆ ಸಮಯ ಸಿಗುತ್ತದೆ. ನಮ್ಮ ಚರ್ಮ ನಂಬಿರುವುದೂ ಇದನ್ನೇ. ನಮಗೆ ಡಿಎನ್‌ಎ ರಿಪೇರಿ ಮಾಡುವ ಫೋಟೋಲಯೇಸ್ ಇಲ್ಲ. "ಹಾಗಾದ್ರೆ ನಮಗಿಂತ ಯೀಸ್ಟೇ ವಾಸಿ ಅಲ್ವಾ ಸರ್?" ಅಂದಳು ಒಬ್ಬಳು. ಈ ವಿಷಯದಲ್ಲಿ ಹೌದು. ಬೇಕರಿ ಯೀಸ್ಟಿನ ರಸದಲ್ಲೇ ವಿಜ್ಞಾನಿ ಕ್ಲಾಡ್ ರೂಪರ್ಟ್ ಫೋಟೋಲಯೇಸ್ ಅನ್ನುವ ಈ ಎನ್‌ಜೈಮ್ ಹಿಡಿದದ್ದು, ಅವರ ಶಿಷ್ಯ ಅಜೀಜ್ ಸಂಜಾರ್ ರಿಪೇರಿ ಕೆಲಸಕ್ಕೇ 2015ರಲ್ಲಿ ನೊಬೆಲ್ ಹಂಚಿಕೊಂಡದ್ದು.

ಒಟ್ಟು ಖರ್ಚು ಐದು ಸಾವಿರದೊಳಗೆ, ಅದರಲ್ಲಿ ಅರ್ಧ ತಪ್ಪುಗಳಿಗೆ. ಈಗಿರುವ ಟ್ಯೂಬಿನ ತುದಿ ಕಪ್ಪಾಗುತ್ತಿದೆ, ಚೋಕ್ ಗುಂಯ್‌ಗುಡುತ್ತಿದೆ. ಗುಜರಿಯವನಿಗೆ ಇನ್ನೂ ನಾಲ್ಕು ಎತ್ತಿಡಲು ಹೇಳಿದ್ದೇನೆ. ನಿಮ್ಮ ಕಾಲೇಜಿನಲ್ಲಿ ಹಳೆ ಪಟ್ಟಿ ಬಿಚ್ಚುತ್ತಿದ್ದರೆ ದಯವಿಟ್ಟು ಎಸೆಯಬೇಡಿ, ನಾನೇ ಬಂದು ತಗೊಂಡು ಹೋಗುತ್ತೇನೆ.