ಹಗುರ ರಿವಾಲ್ವರ್ ಕೊಳ್ಳುವ ಮುನ್ನ ಬೆರಳನ್ನು ಕೇಳಿ

ಲೈಸೆನ್ಸ್ ಕೈಗೆ ಬಂದ ಕೂಡಲೇ ಗನ್ ಅಂಗಡಿಗೆ ಹೋದವರು ಮೊದಲು ಕೇಳುವುದು ಇದನ್ನೇ: ‘ಎಲ್ಲಕ್ಕಿಂತ ಹಗುರ ಯಾವುದಿದೆ ಸಾರ್?’ ಕೇಳೋದರಲ್ಲಿ ತಪ್ಪೇನಿಲ್ಲ. ದಿನವಿಡೀ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಬೇಕಾದ ವಸ್ತು ಭಾರವಾದರೆ ಒಂದೇ ವಾರಕ್ಕೆ ಬೀರು ಸೇರುತ್ತದೆ. ಆದರೆ ಬರೀ ತೂಕ ನೋಡಿ ದುಡ್ಡು ಎಣಿಸಿದರೆ, ಇಟ್ಟುಕೊಳ್ಳೋಕೆ ಸುಲಭ, ಹೊಡೆಯೋಕೆ ಕಷ್ಟ ಅನ್ನುವಂಥದ್ದು ಮನೆಗೆ ಬರುತ್ತದೆ.

ಮೊದಲು ಕಾಗದಪತ್ರ

ನಮ್ಮಲ್ಲಿ ಆಯ್ಕೆಯ ಅರ್ಧ ಭಾಗವನ್ನು ಕಾನೂನೇ ಮಾಡಿಬಿಟ್ಟಿದೆ. .38, .45 ಮತ್ತು 9 ಎಂಎಂ ಜನಸಾಮಾನ್ಯರಿಗೆ ನಿಷೇಧಿತ ಬೋರ್‌ಗಳು (ಬೋರ್ ಅಂದರೆ ನಳಿಗೆಯ ಒಳಗಿನ ಅಗಲ; .38, .32 ಇವೆಲ್ಲ ಇಂಚಿನ ಲೆಕ್ಕ). ನಮಗೆ ಸಿಗುವ ರಿವಾಲ್ವರ್ ಅಂದರೆ ಹೆಚ್ಚಾಗಿ .32, ಇಲ್ಲವೇ .22. ವಯಸ್ಸು 21 ತುಂಬಿರಬೇಕು. ಬೆಂಗಳೂರಿನಲ್ಲಾದರೆ ಪೊಲೀಸ್ ಕಮಿಷನರ್, ಜಿಲ್ಲೆಗಳಲ್ಲಿ ಡಿಸಿ ಲೈಸೆನ್ಸ್ ಕೊಡುತ್ತಾರೆ. 2019ರ ತಿದ್ದುಪಡಿ ಬಂದ ಮೇಲೆ ಒಬ್ಬರ ಹೆಸರಲ್ಲಿ ಎರಡಕ್ಕಿಂತ ಜಾಸ್ತಿ ಬಂದೂಕು ಇರುವಂತಿಲ್ಲ. ಲೈಸೆನ್ಸ್ 5 ವರ್ಷಕ್ಕೆ ಊರ್ಜಿತ.

ಆಮೇಲೆ ತೂಕ

ಕಾನ್ಪುರದ ಕಾರ್ಖಾನೆಯ ಹಳೇ .32 ರಿವಾಲ್ವರ್ ಸುಮಾರು 700 ಗ್ರಾಂ. 2014ರಲ್ಲಿ ಬಂದ ‘ನಿರ್ಭೀಕ್’ ಟೈಟಾನಿಯಂ ಮಿಶ್ರಲೋಹದ್ದು, 500 ಗ್ರಾಂ. ಅದೇ ವರ್ಷ ಈಶಾಪುರದ ರೈಫಲ್ ಕಾರ್ಖಾನೆ ತಂದ .22 ‘ನಿಡರ್’ ಬರೀ 250 ಗ್ರಾಂ. 2023ರ ‘ಪ್ರಬಲ್’ ಮತ್ತೆ 675 ಗ್ರಾಂ ಹತ್ತಿರ. ಹಳೇ .32ರಲ್ಲಿ ನಳಿಗೆಯನ್ನು ಕೆಳಕ್ಕೆ ಮಡಚಿ ಗುಂಡು ತುಂಬಬೇಕು. ಪ್ರಬಲ್‌ನಲ್ಲಿ ಸಿಲಿಂಡರ್ (ಗುಂಡು ಕೂರುವ ತಿರುಗುವ ಉರುಳೆ) ಪಕ್ಕಕ್ಕೆ ತೆರೆದುಕೊಳ್ಳುತ್ತದೆ.

ನಿರ್ಭೀಕ್ ಹೆಣ್ಣುಮಕ್ಕಳಿಗೆಂದೇ ಬಂದದ್ದು. ಆಗಲೇ ಬೆಲೆ 1.22 ಲಕ್ಷ ರೂಪಾಯಿ, ಜೊತೆಗೆ ಒಡವೆ ಪೆಟ್ಟಿಗೆಯಂಥ ಮರೂನ್ ಡಬ್ಬಿ. ಡಬ್ಬಿ ಚೆನ್ನಾಗಿದೆ ಅಂತ ಯಾರೂ ರಿವಾಲ್ವರ್ ಕೊಳ್ಳಬಾರದು, ಅಲ್ವಾ?

ಈಗ ಟ್ರಿಗರ್

ಇಲ್ಲಿ ಅವಸರ ಬೇಡ. ಸಿಲಿಂಡರ್ ತೆರೆಸಿ, ಗುಂಡು ಕೂರುವ ಎಲ್ಲ ಚೇಂಬರ್ ಖಾಲಿ ಇವೆಯಾ ಅಂತ ನೀವೇ ನೋಡಿ. ಅಂಗಡಿಯವರು ನೋಡಿದ್ದಾರೆ ಅಂತ ಸುಮ್ನಿರಬೇಡಿ. ಅವರನ್ನು ಕೇಳಿ ಸಿಡಿಯದ ಡಮ್ಮಿ ಗುಂಡು ಹಾಕಿಸಿಕೊಳ್ಳಿ. ಅವರು ತೋರಿಸಿದ ಗೋಡೆಯ ಕಡೆಗೇ ಹಿಡಿದು, ಹ್ಯಾಮರ್ (ಹಿಂಬದಿಯಲ್ಲಿ ಗುಂಡಿಗೆ ಬಡಿಯುವ ಸುತ್ತಿಗೆ) ಮುಟ್ಟದೆ ಟ್ರಿಗರ್ ಪೂರ್ತಿ ಎಳೆಯಿರಿ.

ಇಂಥ ಸಣ್ಣ ರಿವಾಲ್ವರ್‌ಗಳಲ್ಲಿ ಹ್ಯಾಮರ್ ಎಬ್ಬಿಸದೆ ಟ್ರಿಗರ್ ಎಳೆಯೋಕೆ ಸಾಮಾನ್ಯವಾಗಿ 5 ಕೆ.ಜಿ. ಆಸುಪಾಸಿನ ಬಲ ಬೇಕು. ಅರ್ಧ ಕೆ.ಜಿ. ವಸ್ತುವನ್ನು ಐದು ಕೆ.ಜಿ. ಬಲದಲ್ಲಿ ಎಳೆದರೆ ಅದು ಅಲ್ಲಾಡದೆ ಇರುತ್ತದೆಯೇ? ನಳಿಗೆಯ ತುದಿಯಲ್ಲಿರುವ ಗುರಿಕಡ್ಡಿಯ ಮೇಲೆ ಕಣ್ಣಿಡಿ. ಟ್ರಿಗರ್ ಕೊನೆಗೆ ಬರುವ ಹೊತ್ತಿಗೆ ಅದು ಕೆಳಕ್ಕೋ ಎಡಕ್ಕೋ ಜಾರುತ್ತದೆ. ಹತ್ತಾರು ಸಲ ಎಳೆದು ನೋಡಿ. ಬೆರಳು ಸೋತ ಮೇಲೂ ಕಡ್ಡಿ ಹೆಚ್ಚು ಅಲ್ಲಾಡದಿದ್ದರೆ ಅದು ನಿಮ್ಮ ಕೈಗೆ ಹೊಂದುತ್ತದೆ. ಜಾರುತ್ತಲೇ ಇದ್ದರೆ 200 ಗ್ರಾಂ ಜಾಸ್ತಿ ಇರುವುದನ್ನು ಹಿಡಿದು ನೋಡಿ. ಎಷ್ಟೋ ಜನರಿಗೆ ಅದೇ ವಾಸಿ ಅನ್ನಿಸುತ್ತದೆ. ಹಿಡಿಯನ್ನೂ ಗಮನಿಸಿ: ಕಿರುಬೆರಳಿಗೆ ಜಾಗ ಇಲ್ಲದಿದ್ದರೆ ಹಿಡಿತ ಅರ್ಧ ಹೋದಂತೆಯೇ.

ಗುಂಡು ಹೊಡೆದಾಗ ಕೈಗೆ ಬೀಳುವ ಹಿನ್ನೊದೆತದ ಬಗ್ಗೆ ಮಾತ್ರ ಜನ ಬೇಕಿಲ್ಲದೆ ಹೆದರುತ್ತಾರೆ. ಅಮೆರಿಕದಲ್ಲಿ ಅಲ್ಯೂಮಿನಿಯಂ ಫ್ರೇಮಿನ ಸ್ಮಿತ್ ಅಂಡ್ ವೆಸನ್ 642 ರಿವಾಲ್ವರ್ ಜನಪ್ರಿಯ. ಐದೇ ಗುಂಡು, 425 ಗ್ರಾಂ ಆಸುಪಾಸು. ಅದರಲ್ಲಿ .38 ಸ್ಪೆಷಲ್ ಗುಂಡು ಹೊಡೆದರೆ ಅಂಗೈ ಚುರ್ ಅನ್ನುತ್ತದೆ. ನಮ್ಮ .32 ಗುಂಡು ಅದಕ್ಕಿಂತ ಬಹಳ ಮೆದು. ಹಾಗಾಗಿ ನಮ್ಮಲ್ಲಿ ಹಗುರ ರಿವಾಲ್ವರಿನ ತೊಂದರೆ ಇರುವುದು ಒದೆತದಲ್ಲಲ್ಲ, ಟ್ರಿಗರಿನಲ್ಲಿ.

ಹೋಲ್‌ಸ್ಟರ್, ಬೆವರು

ರಿವಾಲ್ವರನ್ನು ಅದರ ಒರೆಯಲ್ಲಿ, ಅಂದರೆ ಹೋಲ್‌ಸ್ಟರ್‌ನಲ್ಲಿಟ್ಟು ಮೈಮೇಲೆ, ನಿಮ್ಮ ಹಿಡಿತದಲ್ಲೇ ಇಟ್ಟುಕೊಳ್ಳಬೇಕು. ಯಾರಿಗೂ ತೋರಿಸುತ್ತಾ ತಿರುಗುವಂತಿಲ್ಲ. ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್ ತೆಗೆದುಕೊಳ್ಳಿ. ಕೀ, ಚಿಲ್ಲರೆ ಇರುವ ಜೇಬಿಗೆ ಹಾಗೇ ತುರುಕುವುದು ಬೇಡವೇ ಬೇಡ. ಹೊರಗೆ ಬಿಟ್ಟ ಅಂಗಿಯೋ ಜುಬ್ಬಾನೋ ಹಾಕಿಕೊಂಡೇ ಅಂಗಡಿಗೆ ಹೋಗಿ, ಹ್ಯಾಮರ್‌ನ ಕೊಕ್ಕೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆಯಾ ಅಂತ ಪರೀಕ್ಷಿಸಿ. ಖಾಲಿ ರಿವಾಲ್ವರಿನಲ್ಲಿ ಮಾತ್ರ.

ಕರಾವಳಿ, ಮಲೆನಾಡಿನವರಿಗೆ ಇನ್ನೊಂದು ಮಾತು. ಉಕ್ಕಿನದ್ದಾದರೆ ಮೈಗೆ ತಾಗುವ ಕಡೆ ಬೆವರಿಗೆ ಬೇಗ ತುಕ್ಕು ಬರುತ್ತದೆ. ಸಂಜೆ ಬಿಚ್ಚಿಟ್ಟಾಗ ಎಣ್ಣೆ ಬಟ್ಟೆಯಲ್ಲಿ ಒರೆಸಿ, ಬೀಗ ಹಾಕಿಡಿ. ಗುಂಡು ಬೇರೆ ಕಡೆ ಇರಲಿ. ಮಕ್ಕಳಿರುವ ಮನೆಯಲ್ಲಿ ಇದರಲ್ಲಿ ಚೌಕಾಸಿ ಇಲ್ಲ.

ಕೊಂಡ ಮೇಲೆ

ರಿವಾಲ್ವರಿನ ನಂಬರು ಲೈಸೆನ್ಸ್‌ನಲ್ಲಿ ಸರಿಯಾಗಿ ನಮೂದಾಗಿದೆಯಾ ಅಂತ ನೋಡಿಕೊಳ್ಳಿ. ಚುನಾವಣೆ ಘೋಷಣೆಯಾದರೆ ಠಾಣೆಗೆ ಜಮಾ ಮಾಡಲು ಸೂಚನೆ ಬರುವುದು ಮಾಮೂಲು. ಅಲ್ಲಿ ಅದು ವಾರಗಟ್ಟಲೆ ಕೂರುತ್ತದೆ. ಗುಂಡು ತೆಗೆದು, ತೆಳ್ಳಗೆ ಎಣ್ಣೆ ಹಚ್ಚಿ ಕೊಡಿ. ರಸೀದಿಯಲ್ಲಿ ನಂಬರು ಸರಿಯಿದೆಯಾ ಅಂತ ಅಲ್ಲೇ ನಿಂತು ಓದಿ.