ದೊಡ್ಡ ಮಾದರಿ ಜೆಟ್‌ನಲ್ಲಿ ರೇಡಿಯೊ ಸಾಧನಗಳ ಜೋಡಣೆ

ಬೆಂಗಳೂರಿನ ಎಚ್‌ಎಎಲ್ ಪರವಾನಗಿಯಡಿ ತಯಾರಿಸಿದ, ಬೀದರ್‌ನ ಸೂರ್ಯಕಿರಣ ತಂಡ ಹಾರಿಸುವ ಹಾಕ್ ತರಬೇತಿ ವಿಮಾನವನ್ನು ರೇಡಿಯೊ ನಿಯಂತ್ರಣದ ಮಾದರಿಯಾಗಿ ನಾಲ್ಕರಲ್ಲಿ ಒಂದರ ಅಳತೆಗೆ ಇಳಿಸಿದರೂ ಅದು ಸುಮಾರು 3 ಮೀಟರ್ ಉದ್ದ, 2.5 ಮೀಟರ್ ರೆಕ್ಕೆಯ ಯಂತ್ರವಾಗಿಯೇ ಉಳಿಯುತ್ತದೆ. ಚಿಕ್ಕ ಮಾದರಿಯಲ್ಲಿ, ಕೈಯಲ್ಲಿರುವ ಟ್ರಾನ್ಸ್‌ಮಿಟರಿನ ಸಂಕೇತ ಹಿಡಿಯುವ ರಿಸೀವರನ್ನು ಸ್ಪಂಜಿನಲ್ಲಿ ಸುತ್ತಿ ಒಳಗೆ ತುರುಕಿದರೂ ಹೇಗೋ ನಡೆದುಹೋಗುತ್ತದೆ. ಆದರೆ ಲೀಟರುಗಟ್ಟಲೆ ಸೀಮೆಎಣ್ಣೆ ಹೊತ್ತು ಹಾರುವ ಈ ಗಾತ್ರದ ಜೆಟ್ ಹಿಡಿತ ತಪ್ಪಿ ಬಿದ್ದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿರುವುದರಿಂದ, ಪ್ರತಿಯೊಂದು ಭಾಗವನ್ನು ಕೂರಿಸುವಾಗಲೂ ‘ಇದೊಂದು ಕೈಕೊಟ್ಟರೆ ವಿಮಾನವನ್ನು ಇಳಿಸಲು ಏನು ಉಳಿದಿರುತ್ತದೆ’ ಎಂಬ ಪ್ರಶ್ನೆಯನ್ನು ಕೇಳಿಕೊಂಡೇ ಮುಂದುವರಿಯಬೇಕು.

ಕೆಲಸವನ್ನು ವಿದ್ಯುತ್ತಿನಿಂದ ಆರಂಭಿಸುವುದು ಒಳ್ಳೆಯದು. ರಿಸೀವರ್ ಮತ್ತು ರೆಕ್ಕೆ, ಬಾಲಗಳ ಚಲಿಸುವ ಭಾಗಗಳನ್ನು ತಿರುಗಿಸುವ ಚಿಕ್ಕ ಮೋಟರುಗಳಾದ ಸರ್ವೋಗಳಿಗೆಂದೇ ಒಂದೇ ಬಗೆಯ, ಒಂದೇ ಸಾಮರ್ಥ್ಯದ ಎರಡು ಬ್ಯಾಟರಿಗಳಿರಬೇಕು; ಟರ್ಬೈನಿನ ನಿಯಂತ್ರಣ ಘಟಕವಾದ ಇಸಿಯುಗೆ ಮೂರನೆಯದು ಪ್ರತ್ಯೇಕವಾಗಿರಬೇಕು. ಎರಡು ಬ್ಯಾಟರಿಗಳನ್ನು ವೈ ಆಕಾರದ ವೈರಿನಿಂದ ನೇರವಾಗಿ ಕೂಡಿಸಿದರೆ, ಒಂದರ ಸೆಲ್ ಕೆಟ್ಟಾಗ ಅದು ಇನ್ನೊಂದನ್ನೂ ಬರಿದು ಮಾಡುತ್ತದೆ. ಆದ್ದರಿಂದ ಅವೆರಡನ್ನೂ ಪರಸ್ಪರ ಬೇರ್ಪಡಿಸಿ ಬಳಸುವ ಪವರ್ ವಿತರಣಾ ಘಟಕವನ್ನು ನಡುವೆ ಹಾಕಬೇಕು. ಕೊಳ್ಳುವಾಗ ಅದರ ಸ್ವಿಚ್ ಕಿತ್ತುಬಂದರೂ ವಿದ್ಯುತ್ ಹರಿಯುತ್ತಲೇ ಇರುವ ಬಗೆಯದೇ ಎಂಬುದನ್ನು ಕೇಳಿ ತಿಳಿದುಕೊಳ್ಳಬೇಕು. ಈ ವಿಮಾನದಲ್ಲಿ ಎಂಜಿನ್ ಹಿಂಭಾಗದಲ್ಲಿರುವುದರಿಂದ ಮೂಗಿಗೆ ಹೇಗೂ ತೂಕ ಬೇಕಾಗುತ್ತದೆ. ಸೀಸ ತುಂಬುವ ಬದಲು ಬ್ಯಾಟರಿಗಳನ್ನೇ ಅಲ್ಲಿ ಪ್ಲೈವುಡ್ ತಟ್ಟೆಯ ಮೇಲೆ ಪಟ್ಟಿಯಿಂದ ಬಿಗಿದು, ಗುರುತ್ವ ಕೇಂದ್ರವನ್ನು ನೋಡಿದ ನಂತರವೇ ಜಾಗವನ್ನು ಅಂತಿಮಗೊಳಿಸಬೇಕು.

ಬಹಳ ಮಂದಿ ಲೆಕ್ಕ ಹಾಕದೆ ಬಿಡುವುದು ವೈರಿನ ದಪ್ಪವನ್ನು. ವಿತರಣಾ ಘಟಕದಿಂದ ಬಾಲದ ಸರ್ವೋವರೆಗೆ ಒಂದೂವರೆ ಮೀಟರ್ ಎಂದುಕೊಂಡರೆ, ಹೋಗಿಬರುವ ದಾರಿ ಸೇರಿ ವಿದ್ಯುತ್ತು 3 ಮೀಟರ್ ತಾಮ್ರವನ್ನು ದಾಟಬೇಕು. ಅಗ್ಗದ 26 ಗೇಜ್ ವೈರಿನಲ್ಲಿ (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ವೈರು ತೆಳು) ಈ ದೂರಕ್ಕೆ ಸುಮಾರು 0.4 ಓಮ್ ರೋಧವಿರುತ್ತದೆ. ಸರ್ವೋ ಭಾರಕ್ಕೆ ಸಿಕ್ಕಿ 5 ಆಂಪಿಯರ್ ಎಳೆದ ಕ್ಷಣದಲ್ಲಿ ದಾರಿಯಲ್ಲೇ 2 ವೋಲ್ಟ್ ಸೋರಿಹೋಗಿ, ಬೇಕಾದ ಹೊತ್ತಿಗೆ ಸರ್ವೋ ಸೊರಗುತ್ತದೆ. 22 ಗೇಜ್ ಹಾಕಿದರೆ ನಷ್ಟ 0.8 ವೋಲ್ಟಿಗೂ, 20 ಗೇಜ್ ಹಾಕಿದರೆ ಅರ್ಧ ವೋಲ್ಟಿಗೂ ಇಳಿಯುತ್ತದೆ. ಬಾಲಕ್ಕೆ 20 ಗೇಜ್‌ಗಿಂತ ತೆಳುವಾದುದನ್ನು ನಾನಂತೂ ಒಪ್ಪುವುದಿಲ್ಲ. ತೆಳು ವೈರಿನಿಂದ ಉಳಿಯುವ ತೂಕ ಕೆಲವೇ ಗ್ರಾಂ. ವೈರುಗಳು ವಿಮಾನದ ಮೈಯೊಳಗಿನ ಅಡ್ಡ ಚೌಕಟ್ಟುಗಳಾದ ಫಾರ್ಮರ್‌ಗಳನ್ನು ದಾಟುವಲ್ಲೆಲ್ಲ ರಬ್ಬರ್ ಬಳೆ ಇರಬೇಕು, ಬಿಸಿಗಾಳಿ ಹೊರಹೋಗುವ ಕೊಳವೆಯ ಪಕ್ಕದಲ್ಲಿ ಗಾಜಿನ ನಾರಿನ ತೋಳು ತೊಡಿಸಬೇಕು, ಮತ್ತು ಪ್ರತಿ ಕನೆಕ್ಟರಿಗೂ ಜಗ್ಗಿದರೆ ಬಿಚ್ಚಿಕೊಳ್ಳದಂತೆ ಲಾಕ್ ಹಾಕಬೇಕು.

ಹಾಕ್‌ನ ಸಮತಲ ಬಾಲರೆಕ್ಕೆ ಪೂರ್ತಿಯಾಗಿ ತಿರುಗುವಂಥದ್ದು. ಮಾದರಿಗಳಲ್ಲಿ ಅದರ ಎಡ ಬಲ ಭಾಗಗಳಿಗೆ ಒಂದೊಂದು ಸರ್ವೋ ಕೊಡುವುದು ವಾಡಿಕೆ. ಇಲ್ಲಿ ಸರ್ವೋ ಬಲದಷ್ಟೇ ಮುಖ್ಯವಾದದ್ದು ಸಡಿಲವಿಲ್ಲದಿರುವುದು. ಲೋಹದ ಸರ್ವೋ ತೋಳು, ಗುಂಡು ಕೀಲಿನ ಬಾಲ್ ಲಿಂಕ್ ಮತ್ತು ಬಾಗದ ಗಟ್ಟಿ ಸಲಾಕೆ ಬಳಸಿ ಜೋಡಿಸಿ, ವಿದ್ಯುತ್ ಹರಿಸಿದ ಸ್ಥಿತಿಯಲ್ಲಿ ಬಾಲರೆಕ್ಕೆಯ ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿ ನೋಡಬೇಕು. ಬೆರಳಿಗೆ ಸಣ್ಣ ‘ಟಕ್’ ತಾಗಿದರೂ ಅದು ಬೇರಿಂಗಿನದೋ, ಲಿಂಕಿನದೋ, ಸರ್ವೋ ಗೇರಿನದೋ ಎಂದು ಹುಡುಕಿ ತೆಗೆಯದೆ ಮುಂದಿನ ಕೆಲಸಕ್ಕೆ ಕೈ ಹಾಕಬಾರದು, ಏಕೆಂದರೆ ಹೆಚ್ಚಿನ ವೇಗದಲ್ಲಿ ಆ ಸಡಿಲವೇ ಬಾಲರೆಕ್ಕೆಯನ್ನು ನಡುಗಿಸಿ ಮುರಿಯಬಲ್ಲದು.

ರಿಸೀವರುಗಳು ಎರಡಿದ್ದು, ವಿತರಣಾ ಘಟಕವೇ ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವುದಾದರೆ ಸರಿ. ಹಾಗಿಲ್ಲದಿದ್ದರೆ ಎಡ ಏಲರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ, ರೆಕ್ಕೆಯ ಹಿಂದಿನ ಅಂಚಿನ ಪಟ್ಟಿ) ಮತ್ತು ಎಡ ಬಾಲರೆಕ್ಕೆಯನ್ನು ಒಂದಕ್ಕೂ ಬಲಗಡೆಯವನ್ನು ಮತ್ತೊಂದಕ್ಕೂ ಹಂಚಬಹುದು. 2.4 ಗಿಗಾಹರ್ಟ್ಸ್ ತರಂಗದ ಕಾಲುಭಾಗ ಸುಮಾರು 31 ಮಿಲಿಮೀಟರ್ ಆದ್ದರಿಂದ ಆಂಟೆನಾದ ತುದಿಯಲ್ಲಿ ಕಾಣುವ ಬರಿಯ ಎಳೆಯೇ ನಿಜವಾಗಿ ಕೆಲಸ ಮಾಡುವ ಭಾಗ. ಅದನ್ನು ಮಡಿಸಬಾರದು, ಕತ್ತರಿಸಬಾರದು. ಒಂದೇ ರಿಸೀವರಿನ ಎರಡು ಎಳೆಗಳನ್ನು ಪರಸ್ಪರ ಲಂಬಕೋನದಲ್ಲಿ ಪ್ಲಾಸ್ಟಿಕ್ ನಳಿಗೆಯಲ್ಲಿ ಕೂರಿಸಬೇಕು. ಕಾರ್ಬನ್ ನಾರು ಮತ್ತು ಲೋಹದ ಬಣ್ಣ ರೇಡಿಯೊವನ್ನು ತಡೆಯುತ್ತವೆ. ಇಂಧನ ತುಂಬಿದ ಟ್ಯಾಂಕೂ ಅಡ್ಡಿಯೇ. ಆಂಟೆನಾಗಳು ಬರಿಯ ಗಾಜಿನ ನಾರಿನ ಮೈ ಇರುವ ಕಡೆ, ಇಂಧನ ಪಂಪು ಮತ್ತು ಇಸಿಯುಗಳಿಂದ ಸಾಧ್ಯವಾದಷ್ಟು ದೂರದಲ್ಲಿರಲಿ.

ವಿಮಾನ ಅಲುಗಿದ್ದನ್ನು ಗ್ರಹಿಸಿ ತಾನೇ ಸರಿಪಡಿಸುವ ಗೈರೊ ಹಾಕುವವರು ಅದನ್ನು ಅಲುಗದ ತಳದ ಮೇಲೆ, ವಿಮಾನದ ಅಕ್ಷಕ್ಕೆ ಸರಿಯಾಗಿ ಕೂರಿಸಿ, ದಿಕ್ಕನ್ನು ಕಣ್ಣಾರೆ ಪರೀಕ್ಷಿಸಬೇಕು. ಬಾಲವನ್ನು ಸರಕ್ಕನೆ ಎತ್ತಿದಾಗ ಬಾಲರೆಕ್ಕೆಯ ಮುಂದಿನ ಅಂಚು ಕೆಳಕ್ಕೆ ಬಾಗಬೇಕು; ಮೂಗನ್ನು ಎಡಕ್ಕೆ ತಳ್ಳಿದಾಗ ನೆಟ್ಟಗಿನ ಬಾಲದ ಚುಕ್ಕಾಣಿಯಾದ ರಡ್ಡರ್ ಬಲಕ್ಕೆ ತಿರುಗಬೇಕು.

ಇಸಿಯುಗೆ ನಿಲುಗಡೆ, ಐಡಲ್ (ಕನಿಷ್ಠ ವೇಗದ ಓಟ) ಮತ್ತು ಪೂರ್ಣ ಥ್ರಾಟಲ್ ಸ್ಥಾನಗಳನ್ನು ಕಲಿಸಿದ ಮೇಲೆ ಸಂಕೇತ ಕಡಿದುಹೋದಾಗ ಎಂಜಿನ್ ತಾನಾಗಿ ಹೋಗಬೇಕಾದ ಸ್ಥಿತಿಯನ್ನು, ಅಂದರೆ ಫೇಲ್‌ಸೇಫನ್ನು, ನಿಲುಗಡೆಗೇ ಹೊಂದಿಸುವುದು ನನ್ನ ಪದ್ಧತಿ. ಟರ್ಬೈನ್ ಹಚ್ಚದೆ, ಥ್ರಾಟಲ್ ಮುಂದಿಟ್ಟು ಟ್ರಾನ್ಸ್‌ಮಿಟರನ್ನು ಆರಿಸಿ, ಇಸಿಯು ಪರದೆಯಲ್ಲಿ ನಿಲುಗಡೆ ಕಾಣುವುದೇ ಎಂದು ನೋಡಬೇಕು. ಆಮೇಲೆ, ಸಂಕೇತ ಎಷ್ಟು ದೂರ ತಲುಪುತ್ತದೆಂದು ನೋಡುವ ರೇಂಜ್ ಪರೀಕ್ಷೆಯನ್ನು ಕಡಿಮೆ ಶಕ್ತಿಯ ಕ್ರಮದಲ್ಲಿ, ತಯಾರಕರು ಹೇಳಿದ ದೂರದಲ್ಲಿ, ಮೊದಲು ಎಂಜಿನ್ ಆರಿಸಿ, ನಂತರ ಎಂಜಿನ್ ಓಡಿಸಿ ಮಾಡಬೇಕು. ಎರಡನೆಯ ಸಲ ಸಹಾಯಕರೊಬ್ಬರು ವಿಮಾನವನ್ನು ಹಿಡಿದಿರಬೇಕು, ಕಾರ್ಬನ್ ಡೈಆಕ್ಸೈಡ್ ನಂದಕ ಕೈಗೆಟುಕುವಂತಿರಬೇಕು. ಎಂಜಿನ್ ಓಡುವಾಗ ದೂರ ಗಮನಾರ್ಹವಾಗಿ ಕುಗ್ಗಿದರೆ ಮೊದಲ ಅನುಮಾನ ಪಂಪಿನ ವೈರುಗಳ ಮೇಲೆ. ಅವನ್ನು ಒಂದಕ್ಕೊಂದು ಹೊಸೆದು, ರಿಸೀವರ್ ವೈರುಗಳಿಂದ ದೂರ ಸರಿಸಿ ಮತ್ತೆ ಅಳೆಯಬೇಕು.

ಮೊದಲ ಕೆಲವು ಹಾರಾಟಗಳ ನಂತರ ಎರಡೂ ರಿಸೀವರ್ ಬ್ಯಾಟರಿಗಳಿಗೆ ಚಾರ್ಜರ್ ಮರಳಿ ತುಂಬಿದ ಮಿಲಿಆಂಪ್‌ಅವರ್ ಲೆಕ್ಕವನ್ನು ಬರೆದಿಟ್ಟುಕೊಳ್ಳಬೇಕು. ಎರಡನ್ನೂ ಸಮನಾಗಿ ಬಳಸುವ ಘಟಕದಲ್ಲಿ ಒಂದು ಬ್ಯಾಟರಿ ಇನ್ನೊಂದಕ್ಕಿಂತ ತೀರಾ ಕಡಿಮೆ ಖರ್ಚಾಗಿದ್ದರೆ, ಕಡಿಮೆ ಖರ್ಚಾದ ಕಡೆಯ ಕನೆಕ್ಟರ್, ಬೆಸುಗೆ ಮತ್ತು ಬ್ಯಾಟರಿಯ ಒಳರೋಧವನ್ನು ಪರೀಕ್ಷಿಸಿದ ನಂತರವೇ ವಿಮಾನವನ್ನು ಮತ್ತೆ ರನ್‌ವೇಗೆ ಒಯ್ಯಬೇಕು.