ಮಗುವಿಗೆ ಓಟಿ ಶುರು ಮಾಡುತ್ತಿದ್ದೀರಾ? ಯಾವ ಕೆಲಸ ಬರಬೇಕೋ ಅದನ್ನೇ ಮಾಡಿಸಿ

ಮುಂಬೈ ಪಕ್ಕದ ಡೊಂಬಿವಲಿ ಪೂರ್ವದಲ್ಲಿ ನಾನು ಮಕ್ಕಳಿಗೆ ಆಕ್ಯುಪೇಶನಲ್ ಥೆರಪಿ, ಅಂದರೆ ದಿನದ ಕೆಲಸಗಳನ್ನು ತಾವೇ ಮಾಡಲು ನೆರವಾಗುವ ಚಿಕಿತ್ಸೆ ಕೊಡುತ್ತೇನೆ. ಎಲ್ಲರೂ ಅದನ್ನು ಓಟಿ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ನಮ್ಮ ಕಡೆ ಕನ್ನಡದ ಮನೆಗಳು ಜಾಸ್ತಿ. ಫೈಲ್ ಹಿಡಿದು ಬರುವ ಅಪ್ಪ ಅಮ್ಮ ಮೊದಲು ಹೇಳುವುದು ಹೀಗೆ: "ಕೈಗೆ ಬಲ ಇಲ್ಲ ಮೇಡಂ." "ಗಮನ ನಿಲ್ಲಲ್ಲ." "ಸೆನ್ಸರಿ ಪ್ರಾಬ್ಲಂ ಇದೆಯಂತೆ." ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಮಗುವಿಗೆ ದಿನದಲ್ಲಿ ಯಾವ ಕೆಲಸ ಆಗುತ್ತಿಲ್ಲ, ಅದನ್ನು ಹೇಳಿ. ಡಬ್ಬಿಯ ಮುಚ್ಚಳ ತೆಗೆಯಲು ಬರುವುದಿಲ್ಲ. ಬೋರ್ಡಿನ ಮೇಲಿನದನ್ನು ಬರೆದುಕೊಳ್ಳುವಷ್ಟರಲ್ಲಿ ಟೀಚರ್ ಅಳಿಸಿಬಿಡುತ್ತಾರೆ. ಅನ್ನಕ್ಕೆ ಸಾರು ಹಾಕಿಕೊಟ್ಟರೆ ತಾನೇ ಕಲಸಿ ತಿನ್ನುವುದಿಲ್ಲ. ಇಂಥದ್ದು.

ಹಾಗೆ ಹೇಳುವುದಕ್ಕೆ ಕಾರಣ ಇದೆ. ಆಸ್ಟ್ರೇಲಿಯಾದ ಐಯೋನಾ ನೋವಾಕ್ ಮತ್ತು ಇಂಗ್ರಿಡ್ ಹೋನನ್ 2019ರಲ್ಲಿ ಮಕ್ಕಳ ಓಟಿಯ ಮೇಲಿನ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಒಳಗಿನ ದೋಷವನ್ನು ಮೊದಲು ಸರಿ ಮಾಡಿದರೆ ಕೆಲಸ ತಾನಾಗಿ ಬರುತ್ತದೆ ಎಂಬ ನಂಬಿಕೆಯ ಮೇಲೆ ನಿಂತ ವಿಧಾನಗಳಿಗೆ ಆಧಾರ ತೆಳುವಾಗಿತ್ತು. ಬೇಕಾದ ಕೆಲಸವನ್ನೇ, ಗುರಿ ಇಟ್ಟುಕೊಂಡು, ನಿಜವಾದ ಜಾಗದಲ್ಲಿ, ಮನೆಯವರ ಜೊತೆ ಸೇರಿ ಅಭ್ಯಾಸ ಮಾಡಿಸಿದ ವಿಧಾನಗಳು ಮುಂದೆ ಬಂದವು. ನಾನು ಮಕ್ಕಳ ಜೊತೆ ದಿನವೂ ಕಾಣುವುದೂ ಇದನ್ನೇ.

ಆಧಾರ ನೋಡಿ ಮಾಡುವ ಚಿಕಿತ್ಸೆ ಅಂದರೆ ಬರೀ ಸಂಶೋಧನೆ ಓದುವುದು ಅಂತಲ್ಲ. 1996ರಲ್ಲಿ ಡೇವಿಡ್ ಸ್ಯಾಕೆಟ್ ಮತ್ತು ಅವರ ಜೊತೆಯವರು ಇದನ್ನು ವಿವರಿಸಿದಾಗಲೇ ಮೂರನ್ನೂ ಸೇರಿಸಿದ್ದರು: ಸಿಕ್ಕಿರುವ ಒಳ್ಳೆಯ ಸಂಶೋಧನೆ, ಚಿಕಿತ್ಸೆ ಕೊಡುವವರ ಅನುಭವ, ಚಿಕಿತ್ಸೆ ಪಡೆಯುವವರ ಬಯಕೆ. ಮೂರನೆಯದು ನಿಮ್ಮ ಕೈಯಲ್ಲಿದೆ. ಅದನ್ನು ಬಿಟ್ಟುಕೊಡಬೇಡಿ.

ಗುರಿ ಬರೆದುಕೊಳ್ಳಿ, ಇವತ್ತಿನ ಮಟ್ಟ ಅಳೆಯಿರಿ

ಮನೆಯಲ್ಲಿ ಎಲ್ಲರೂ ಕೂತು ಐದರೊಳಗೆ ಗುರಿಗಳನ್ನು ಬರೆಯಿರಿ. ಅಜ್ಜಿ ಜೊತೆಗಿದ್ದರೆ ಅವರನ್ನೂ ಕೇಳಿ, ಮಗುವಿನ ಜೊತೆ ಜಾಸ್ತಿ ಹೊತ್ತು ಇರುವವರು ಅವರೇ ಅಲ್ವಾ. ಮಗು ಮಾತಾಡುವಂತಿದ್ದರೆ ಅದರ ಗುರಿ ಮೊದಲನೇ ಸಾಲಿಗೆ ಬರಲಿ. ಆಮೇಲೆ ಪ್ರತಿ ಗುರಿಗೂ ಹತ್ತರಲ್ಲಿ ಎರಡು ಅಂಕ ಕೊಡಿ: ಈಗ ಎಷ್ಟು ಚೆನ್ನಾಗಿ ಮಾಡುತ್ತದೆ, ಅದರ ಬಗ್ಗೆ ಎಷ್ಟು ಸಮಾಧಾನ ಇದೆ. ಕೆನಡಾದವರು ಮಾಡಿದ ಸಿಓಪಿಎಂ ಎಂಬ ಅಳತೆ ಇದೇ. ಮತ್ತೆ ಅಳೆದಾಗ ಎರಡು ಅಂಕ ಏರಿದ್ದರೆ ಅದನ್ನು ನಿಜವಾದ ಬದಲಾವಣೆ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ಜೊತೆಗೆ ಮೊಬೈಲಿನಲ್ಲಿ ಒಂದು ಚಿಕ್ಕ ವಿಡಿಯೋ ಮಾಡಿಡಿ. ಮೂರು ತಿಂಗಳಾದ ಮೇಲೆ "ಸ್ವಲ್ಪ ಪರವಾಗಿಲ್ಲ ಅನ್ನಿಸುತ್ತೆ" ಅನ್ನುವ ಮಾತಿಗಿಂತ ಆ ವಿಡಿಯೋ ಎಷ್ಟೋ ಮೇಲು.

"ಇಂಡಿಪೆಂಡೆಂಟ್ ಆಗಬೇಕು" ಅನ್ನುವುದು ಗುರಿಯಲ್ಲ. "ಬೆಳಿಗ್ಗೆ ಸ್ಕೂಲ್ ಶರ್ಟಿನ ಗುಂಡಿಗಳನ್ನು ತಾನೇ ಹಾಕಿಕೊಳ್ಳಬೇಕು, ಬಸ್ ಬರುವ ಮೊದಲು" ಅಂದರೆ ಅದು ಗುರಿ. ಇದನ್ನು ಕೊನೆಯಿಂದ ಕಲಿಸಿ. ಮೇಲಿನ ಗುಂಡಿಗಳನ್ನೆಲ್ಲ ನೀವು ಹಾಕಿ, ಕೊನೆಯದನ್ನು ಅರ್ಧ ತೂರಿಸಿ, ಎಳೆಯುವುದನ್ನು ಮಾತ್ರ ಮಗುವಿಗೆ ಬಿಡಿ. ಅದು ಬಂದ ಮೇಲೆ ಪೂರ್ತಿ ಕೊನೆಯ ಗುಂಡಿ. ಆಮೇಲೆ ಕೊನೆಯ ಎರಡು. ಪ್ರತಿ ಸಲವೂ ಕೆಲಸ ಮುಗಿಸಿದ ಖುಷಿ ಮಗುವಿಗೇ ಸಿಗುತ್ತದೆ.

ಬರವಣಿಗೆ

ನನ್ನ ಹತ್ತಿರ ಬರುವ ದೂರುಗಳಲ್ಲಿ ಇದೇ ಜಾಸ್ತಿ. ನಮ್ಮ ಮಕ್ಕಳ ಹೊರೆಯೂ ದೊಡ್ಡದು. ಸ್ಕೂಲಿನಲ್ಲಿ ಇಂಗ್ಲಿಷ್, ಮರಾಠಿ, ಹಿಂದಿ. ಮನೆಯಲ್ಲಿ ಅಜ್ಜ ಕೂರಿಸಿ ಕನ್ನಡದ ಕಾಗುಣಿತ ತಿದ್ದಿಸುತ್ತಾರೆ. ಮೂರು ಲಿಪಿ ಆಯಿತು. ಇಂಥ ಮಗುವಿಗೆ ತಿಂಗಳುಗಟ್ಟಲೆ ಜೇಡಿ ನಾದಿಸುವುದು, ಮಣಿ ಪೋಣಿಸುವುದು, ಕ್ಲಿಪ್ ಒತ್ತಿಸುವುದು ನಡೆಯುತ್ತಿರುತ್ತದೆ, ಬೆರಳಿಗೆ ಬಲ ಬರಲಿ ಅಂತ. ಮಗು ಮಣಿ ಪೋಣಿಸುವುದರಲ್ಲಿ ಪಳಗುತ್ತದೆ. ನೋಟ್‌ಬುಕ್ ಮಾತ್ರ ಹಾಗೇ ಇರುತ್ತದೆ.

ಬರವಣಿಗೆ ಸುಧಾರಿಸುವ ವಿಧಾನಗಳ ಮೇಲಿನ ಅಧ್ಯಯನಗಳನ್ನು 2011ರಲ್ಲಿ ಕೆನಡಾದ ಸಂಶೋಧಕರು ಪರಿಶೀಲಿಸಿದರು. ಬರೆಸುವ ಅಭ್ಯಾಸವೇ ಇಲ್ಲದ ವಿಧಾನಗಳಿಂದ ಬರವಣಿಗೆ ಸುಧಾರಿಸಿರಲಿಲ್ಲ. ಅಭ್ಯಾಸ ಇದ್ದರೂ 20 ಸಲಕ್ಕಿಂತ ಕಡಿಮೆ ಇದ್ದರೆ ಅದೂ ಸಾಲಲಿಲ್ಲ. ಇದನ್ನು ಮನೆಯ ಲೆಕ್ಕಕ್ಕೆ ತನ್ನಿ. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ. ಐದು ವಾರಕ್ಕೆ 20 ಆಯಿತು. ಅಲ್ಲಿಗೆ ಮುಗಿಯಿತು ಅಂತಲ್ಲ, ಅಲ್ಲಿಯವರೆಗಾದರೂ ಬಿಡಬಾರದು.

ಆ ಹದಿನೈದು ನಿಮಿಷ ಹೇಗೆ? ಮೊದಲು ಒಂದೇ ಲಿಪಿ ಆರಿಸಿ, ಸ್ಕೂಲಿನಲ್ಲಿ ತುಂಬಾ ಕಷ್ಟ ಕೊಡುತ್ತಿರುವುದು. ಕಾಗುಣಿತಕ್ಕೆ ಸ್ವಲ್ಪ ದಿನ ರಜೆ ಕೊಡಿ ಅಂತ ಅಜ್ಜನಿಗೆ ನಾನೇ ಹೇಳುತ್ತೇನೆ, ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ಕುರ್ಚಿಯ ಮೇಲೆ ಕೂತರೆ ಕಾಲು ನೆಲಕ್ಕೆ ತಾಗಲಿ. ನಮ್ಮ ಒಂದು ಬೆಡ್‌ರೂಮಿನ ಮನೆಗಳಲ್ಲಿ ಮಕ್ಕಳು ಹಾಸಿಗೆಯ ಮೇಲೆ ಬೋರಲು ಬಿದ್ದು ಬರೆಯುತ್ತಾರೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಸಿ ಒಂದು ಡೆಸ್ಕ್ ಕೊಟ್ಟರೂ ಸಾಕು. ಒಂದೇ ಥರ ಕೈ ತಿರುಗುವ ನಾಲ್ಕೈದು ಅಕ್ಷರ ಆರಿಸಿ. ನೋಡಿ ಬರೆಯಲಿ, ಆಮೇಲೆ ಮುಚ್ಚಿಟ್ಟು ನೆನಪಿನಿಂದ ಬರೆಯಲಿ. ತಾನು ಬರೆದದ್ದರಲ್ಲಿ ಚೆನ್ನಾಗಿರುವುದು ಯಾವುದು ಅಂತ ಮಗುವೇ ಸುತ್ತು ಹಾಕಲಿ. ಕೆಂಪು ಪೆನ್ನು ನಿಮ್ಮ ಕೈಯಲ್ಲಿ ಬೇಡ. ಅಕ್ಷರದಿಂದ ಬೇಗ ಪದಕ್ಕೆ, ಪದದಿಂದ ವಾಕ್ಯಕ್ಕೆ ಹೋಗಿ. ವಾರಕ್ಕೊಮ್ಮೆ ಒಂದೇ ಪ್ಯಾರಾವನ್ನು ಐದು ನಿಮಿಷ ನಕಲು ಮಾಡಿಸಿ, ಓದಲು ಬರುವ ಪದ ಎಷ್ಟು ಅಂತ ಎಣಿಸಿ, ಕ್ಯಾಲೆಂಡರ್ ಮೇಲೆ ಬರೆದಿಡಿ.

ಮಾತಾಡಿ ಯೋಚಿಸುವ ಮಕ್ಕಳಿಗೆ ಇನ್ನೊಂದು ಒಳ್ಳೆಯ ದಾರಿ ಇದೆ. ಕೆನಡಾದ ಹೆಲೆನ್ ಪೊಲಾಟಾಯ್ಕೊ ಮತ್ತು ಏಂಜೆಲಾ ಮ್ಯಾಂಡಿಚ್ ಬೆಳೆಸಿದ ಇದನ್ನು ಕೋ-ಆಪ್ ಎನ್ನುತ್ತಾರೆ. ಗುರಿ ಏನು, ಹೇಗೆ ಮಾಡಲಿ, ಮಾಡಿ ನೋಡು, ಆಯಿತಾ ಅಂತ ಪರೀಕ್ಷಿಸು. ಇಷ್ಟೇ ನಾಲ್ಕು ಹೆಜ್ಜೆ, ಆದರೆ ಉಪಾಯ ಮಗುವಿನ ಬಾಯಿಂದಲೇ ಬರಬೇಕು. ಮರಾಠಿ ಬರೆಯುವಾಗ ಎರಡು ಪದಗಳ ತಲೆಗೆರೆ ಸೇರಿಬಿಡುತ್ತಿದ್ದ ಎರಡನೇ ಕ್ಲಾಸಿನ ಒಬ್ಬ ಹುಡುಗನನ್ನು ಕೇಳಿದೆ, "ಇಲ್ಲಿ ಓದಲು ಯಾಕೆ ಕಷ್ಟ ಆಗುತ್ತಿದೆ?" ಅವನು ಸುಮಾರು ಹೊತ್ತು ನೋಡಿ, "ಗೆರೆ ಎಳೀತಾನೇ ಹೋಗ್ತೀನಿ, ಪ್ರತಿ ಪದಕ್ಕೂ ಪೆನ್ಸಿಲ್ ಎತ್ತಬೇಕು" ಅಂದ. "ಪೆನ್ಸಿಲ್ ಎತ್ತು" ಅನ್ನುವುದೇ ಅವನ ಮಂತ್ರವಾಯಿತು. ನಾನು ಹೇಳಿಕೊಟ್ಟಿದ್ದರೆ ಎರಡನೇ ದಿನಕ್ಕೆ ಮರೆಯುತ್ತಿದ್ದ. ಇದು ಮಗು ಯೋಚಿಸುವ ಭಾಷೆಯಲ್ಲೇ ನಡೆಯಬೇಕು. ನಿಮ್ಮ ಥೆರಪಿಸ್ಟ್ ಮರಾಠಿಯವರಾಗಿದ್ದು ಮಗು ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದರೆ, ಆ ಹತ್ತು ನಿಮಿಷ ನೀವು ಪಕ್ಕದಲ್ಲಿ ಕೂರುತ್ತೀರಿ ಅಂತ ಕೇಳಿ. ಬೇಡ ಅನ್ನುವವರು ಕಡಿಮೆ.

ಒಂದು ಕೈ ಸೋತ ಮಕ್ಕಳು

ಸೆರೆಬ್ರಲ್ ಪಾಲ್ಸಿಯಿಂದ (ಎಳೆಯ ಮಿದುಳಿಗೆ ಪೆಟ್ಟಾಗಿ ಮೈಯ ಚಲನೆಗೆ ಬರುವ ತೊಂದರೆ) ಒಂದು ಬದಿ ಸೋತಿದ್ದರೆ ಗಟ್ಟಿ ಆಧಾರ ಇರುವ ವಿಧಾನಗಳು ಎರಡು. ಗಟ್ಟಿ ಕೈಗೆ ಕೆಲವು ಹೊತ್ತು ಗ್ಲೌಸ್ ಹಾಕಿ ಸೋತ ಕೈಯಿಂದ ಆಡಿಸುವುದು ಒಂದು. ಎರಡೂ ಕೈ ಬೇಕಾಗುವ ಕೆಲಸಗಳನ್ನೇ ಕೊಡುವುದು ಇನ್ನೊಂದು: ಬಟಾಣಿ ಸುಲಿಯುವುದು, ಚಪಾತಿ ಲಟ್ಟಿಸುವುದು, ಜಿಪ್ ಎಳೆಯುವುದು. ಎಣ್ಣೆ ಹಚ್ಚಿ ತಿಕ್ಕುವುದು, ಕೈಯನ್ನು ಎಳೆದು ಬಿಡುವುದು, ಇವು ಮಗುವಿಗೆ ಹಿತ ಅನ್ನಿಸಿದರೆ ಮಾಡಿ, ಆದರೆ ಅದರಿಂದ ಕೈ ಕೆಲಸ ಕಲಿಯುವುದಿಲ್ಲ.

ಎಷ್ಟು ಹೊತ್ತು? ಒಂದು ನಿರ್ದಿಷ್ಟ ಗುರಿಗೆ ಸುಮಾರು 14ರಿಂದ 25 ಗಂಟೆ ಅಭ್ಯಾಸ ಬೇಕು ಅನ್ನುತ್ತದೆ ಸಂಶೋಧನೆ. ವಾರಕ್ಕೆ ಎರಡು ಸಲ 45 ನಿಮಿಷದ ಸೆಷನ್ ಅಂದರೆ ತಿಂಗಳಿಗೆ ಆರೇ ಗಂಟೆ. ಮನೆಯಲ್ಲಿ ದಿನಕ್ಕೆ 20 ನಿಮಿಷ ಸೇರಿಸಿದರೆ ಇನ್ನು ಹತ್ತು. ಸೆಷನ್ ಜಾಸ್ತಿ ಮಾಡಿಸಲು ಸಾಲ ಮಾಡಬೇಡಿ. ಮನೆಯಲ್ಲಿ ಏನು ಮಾಡಿಸಬೇಕು ಅಂತ ಥೆರಪಿಸ್ಟ್ ಹತ್ತಿರ ಬರೆಸಿಕೊಳ್ಳಿ, ನಿಮ್ಮ ಕೈಯಲ್ಲಿ ಅವರ ಮುಂದೆಯೇ ಮಾಡಿಸಿ ತೋರಿಸಲು ಹೇಳಿ. ದುಡ್ಡಿನ ಕಷ್ಟ ಇದ್ದರೆ ಮುಂಬೈಯ ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳಲ್ಲಿ ಓಟಿ ವಿಭಾಗಗಳಿವೆ. ಭಾರತದ ಮೊದಲ ಓಟಿ ಶಾಲೆ 1950ರಲ್ಲಿ ಕಮಲಾ ನಿಂಬ್ಕರ್ ಅವರಿಂದ ಶುರುವಾದದ್ದು ಕೆಇಎಂನಲ್ಲೇ. ಸರ್ಕಾರಿ ಅಂತ ಹಿಂಜರಿಯಬೇಡಿ.

ಭಾರದ ಜಾಕೆಟ್, ಭಾರದ ಹೊದಿಕೆ

ಮೈಮೇಲೆ ಭಾರ ಇದ್ದರೆ ಮಗು ಶಾಂತವಾಗುತ್ತದೆ, ಆಟಿಸಂ ಇರುವ ಮಕ್ಕಳಿಗೆ ಇವನ್ನು ಕೊಳ್ಳಿ ಅನ್ನುವವರಿದ್ದಾರೆ. ಹೊದಿಕೆಯ ಮೇಲೆ ಬ್ರಿಟನ್ನಿನಲ್ಲಿ ನಡೆದ ಅಧ್ಯಯನ 2014ರಲ್ಲಿ ಬಂತು. ಮಕ್ಕಳ ನಿದ್ದೆ ಹೆಚ್ಚಲಿಲ್ಲ. ಆದರೆ ಮಕ್ಕಳಿಗೂ ಅಪ್ಪ ಅಮ್ಮಂದಿರಿಗೂ ಆ ಹೊದಿಕೆ ಇಷ್ಟವಾಗಿತ್ತು. ಇಷ್ಟ ಇದ್ದರೆ ಇಟ್ಟುಕೊಳ್ಳಿ, ಔಷಧಿ ಅಂತ ಕೊಳ್ಳಬೇಡಿ. ಜಾಕೆಟ್ಟಿಗೆ ಆಧಾರ ಇನ್ನೂ ಕಡಿಮೆ. ಉಯ್ಯಾಲೆ, ಸ್ಪರ್ಶ, ಒತ್ತಡ ಇಂಥವುಗಳಿಂದ ಮಾಡಿಸುವ ಸೆನ್ಸರಿ ಥೆರಪಿಗೆ ಸೇರಿಸುವುದಾದರೆ ಅಮೆರಿಕದ ಮಕ್ಕಳ ವೈದ್ಯರ ಸಂಘ 2012ರಲ್ಲಿ ಹೇಳಿದ್ದು ಇವತ್ತಿಗೂ ಒಳ್ಳೆಯ ಸಲಹೆ: ಆಧಾರ ಸೀಮಿತ ಅಂತ ತಿಳಿದಿರಿ, ಗುರಿ ಇಡಿ, ಗಡುವು ಇಡಿ, ಕೆಲಸ ಮಾಡುತ್ತಿದೆಯಾ ನೋಡಿ. ಉಯ್ಯಾಲೆಯಲ್ಲಿ ಮಗು ನಗುತ್ತಿರುವುದು ನನಗೂ ಇಷ್ಟ. ಆದರೆ ಪ್ರಶ್ನೆ ಒಂದೇ, ಮನೆಗೆ ಬಂದ ಮೇಲೆ ಉಗುರು ಕತ್ತರಿಸಲು ಬಿಡುತ್ತದಾ?

ದೊಡ್ಡ ಮಕ್ಕಳು

ಹದಿಮೂರು ಹದಿನಾಲ್ಕು ದಾಟಿದವರಿಗೆ ಚಿಕ್ಕವರ ಆಟ ಕೊಡಬೇಡಿ, ಅವಮಾನ ಆಗುತ್ತದೆ. ಅವರ ಗುರಿಗಳು ಬೇರೆ. ತಾನೇ ಪ್ಯಾಡ್ ಬದಲಾಯಿಸಿಕೊಳ್ಳಬೇಕು, ಗಡ್ಡ ಮಾಡಿಕೊಳ್ಳಬೇಕು, ಅಂಗಡಿಯಲ್ಲಿ ಚಿಲ್ಲರೆ ಸರಿಯಾಗಿ ವಾಪಸ್ ತರಬೇಕು. ಮುಂಬೈಯಲ್ಲಿ ಬೆಳೆದ ಮಕ್ಕಳು ಬಹಳ ಕೇಳುವುದು ಇನ್ನೊಂದು: ಲೋಕಲ್ ಟ್ರೇನಿನಲ್ಲಿ ಒಬ್ಬರೇ ಹೋಗುವುದು.

ಆಟಿಸಂ ಇರುವ ಹುಡುಗನಿಗೆ ಇದನ್ನು ಹೀಗೆ ಕಲಿಸುತ್ತೇನೆ. ಮೊದಲು ಅವನು ನಡೆಯುವ ದಾರಿಯನ್ನೇ ಮೊಬೈಲಿನಲ್ಲಿ ವಿಡಿಯೋ ಮಾಡುತ್ತೇವೆ: ಸೇತುವೆ, ಪ್ಲಾಟ್‌ಫಾರ್ಮ್, ಇಂಡಿಕೇಟರ್ ಬೋರ್ಡಿನ ಮೇಲೆ ಸ್ಲೋ (ಎಲ್ಲ ಸ್ಟೇಷನ್‌ಗಳಲ್ಲಿ ನಿಲ್ಲುವುದು) ಫಾಸ್ಟ್ ಎಲ್ಲಿ ಬರುತ್ತದೆ, ಟ್ರೇನಿನ ಯಾವ ಡಬ್ಬಿ. ಇಂಥ ವಿಡಿಯೋ ತೋರಿಸಿ ಕಲಿಸುವುದಕ್ಕೆ ಆಟಿಸಂನಲ್ಲಿ ಒಳ್ಳೆಯ ಆಧಾರ ಇದೆ. ಆಮೇಲೆ ನಿಜವಾದ ಟ್ರೇನು, ಮಧ್ಯಾಹ್ನದ ಖಾಲಿ ಹೊತ್ತಿನಲ್ಲಿ, ಡೊಂಬಿವಲಿಯಿಂದ ಠಾಕುರ್ಲಿಗೆ, ಒಂದೇ ಸ್ಟೇಷನ್. ಬೆಳಿಗ್ಗೆಯ ಗರ್ದಿಯಲ್ಲಿ ಶುರು ಮಾಡುವ ಮಾತೇ ಇಲ್ಲ. ಅದು ಬಂದ ಮೇಲೆ ಠಾಣೆ ಕಡೆ: ಕೋಪರ್, ದಿವಾ, ಮುಂಬ್ರಾ, ಕಳವಾ, ಠಾಣೆ. ಸ್ಟೇಷನ್ ಹೆಸರಿನ ಚೀಟಿ ಜೇಬಿನಲ್ಲಿರಲಿ, ದಾಟಿದ್ದಕ್ಕೆ ಗೀಟು ಹಾಕಲಿ. ನೀವು ಮೊದಲು ಪಕ್ಕದಲ್ಲಿ, ಆಮೇಲೆ ಎದುರು ಸೀಟಿನಲ್ಲಿ, ಆಮೇಲೆ ಬಾಗಿಲ ಹತ್ತಿರ, ಆಮೇಲೆ ಬೇರೆ ಡಬ್ಬಿಯಲ್ಲಿ. ಒಂದು ಹಂತದಲ್ಲಿ ತಪ್ಪದೆ ಬರುವವರೆಗೆ ಮುಂದಿನದಕ್ಕೆ ಹೋಗಬೇಡಿ. ಇಳಿಯುವುದು ತಪ್ಪಿದರೆ ಏನು ಮಾಡಬೇಕು ಅನ್ನುವುದನ್ನೂ ಅಭ್ಯಾಸ ಮಾಡಿಸಿ, ಬೇಕಂತಲೇ ಒಂದು ಸ್ಟೇಷನ್ ಮುಂದೆ ಹೋಗಿ: ಮುಂದಿನದರಲ್ಲಿ ಇಳಿ, ನಿಂತಲ್ಲೇ ಇರು, ಫೋನ್ ಮಾಡು. ರೈಲ್ವೆ ಸಹಾಯದ ನಂಬರ್ 139 ಅವನ ಫೋನಿನಲ್ಲಿರಲಿ. ಅಂಗವಿಕಲರ ಡಬ್ಬಿ ಎಲ್ಲಿ ನಿಲ್ಲುತ್ತದೆ ಅಂತಲೂ ತೋರಿಸಿ, ಅದರಲ್ಲಿ ಹೋಗಬೇಕೋ ಬೇಡವೋ ಅನ್ನುವುದು ಅವನ ಇಷ್ಟ.

ಹತ್ತನೇ ಕ್ಲಾಸಿನ ಪರೀಕ್ಷೆಗೆ ಹೆಚ್ಚಿನ ಸಮಯ ಅಥವಾ ರೈಟರ್ (ಮಗು ಹೇಳಿದ ಉತ್ತರವನ್ನು ಬರೆಯುವವರು) ಬೇಕಾಗಬಹುದು ಅನ್ನಿಸಿದರೆ ಒಂಬತ್ತನೇ ಕ್ಲಾಸ್ ಶುರುವಾದ ಕೂಡಲೇ ಸ್ಕೂಲಿನಲ್ಲಿ ಮಾತಾಡಿ. 2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ಸ್ಥಿತಿಗಳಲ್ಲಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಕಲಿಕೆಯ ತೊಂದರೆ ಎಲ್ಲವೂ ಇವೆ. ಯಾವ ಆಸ್ಪತ್ರೆಯ ಸರ್ಟಿಫಿಕೇಟನ್ನು ನಿಮ್ಮ ಪರೀಕ್ಷಾ ಬೋರ್ಡ್ ಒಪ್ಪುತ್ತದೆ ಅಂತ ಮೊದಲೇ ಕೇಳಿಕೊಳ್ಳಿ, ಆಮೇಲೆ ಅಪಾಯಿಂಟ್‌ಮೆಂಟ್. ರೈಟರ್ ಸಿಕ್ಕ ಮಾತ್ರಕ್ಕೆ ಮಗುವಿಗೆ ಉತ್ತರ ಹೇಳಿ ಬರೆಸಲು ಬಂದುಬಿಡುವುದಿಲ್ಲ. ಎಲ್ಲಿ ನಿಲ್ಲಿಸಬೇಕು, ಹೊಸ ಪ್ಯಾರಾ ಯಾವಾಗ, ಬರೆದದ್ದನ್ನು ಓದಿ ಹೇಳಿ ಅಂತ ಕೇಳುವುದು ಹೇಗೆ, ಇದೂ ಕಲಿಯಬೇಕಾದ ಕೆಲಸ. ಯೂನಿಟ್ ಟೆಸ್ಟಿನಿಂದಲೇ ಮಗುವಿಗೆ ಪರಿಚಯವಿಲ್ಲದ ಒಬ್ಬರನ್ನು ಕೂರಿಸಿ ಅಭ್ಯಾಸ ಮಾಡಿಸಿ. ಅಮ್ಮ ಬರೆದುಕೊಟ್ಟರೆ ಆಗುವುದಿಲ್ಲ, ಮಗು ಅರ್ಧ ಹೇಳಿದರೇ ಅಮ್ಮನಿಗೆ ಪೂರ್ತಿ ಅರ್ಥವಾಗಿಬಿಡುತ್ತದೆ.